ನಿಲ್ಲಿಸುವುದು, ನಿಂತಿರುವುದು

(ರಾಯಚೂರು ನಗರದಲ್ಲಿ ದೇವದುರ್ಗ ಮತ್ತು ಮಾನ್ವಿ ತಾಲೂಕುಗಳ ಭಕ್ತರ ಸಮ್ಮುಖದಲ್ಲಿ ನೀಡಿದ ಆಶೀರ್ವಚನ)



ಒಂದು ಕಾಲಕ್ಕೆ ಇಂಥ ಸಭೆಯೆಂದರೆ ಮಠದ ಮುಂದೆ ಕೊಳ್ಳು ಹರಿದ ಬಂಡಿಗಳು ಸಾಲಾಗಿ ನಿಂತಿರುತ್ತಿದ್ದವು. ಈಗ ಕಾರುಗಳು ನಿಂತಿವೆ. ಬಂಡಿ ಹೋಗಿ ಕಾರು ಬಂದುದಕ್ಕೆ ನಮಗೆ ಖೇದವೇನೂ ಇಲ್ಲ. ಕಾಲ ಕೊಟ್ಟುದನ್ನು ಪ್ರಸಾದವೆಂದು ಸ್ವೀಕರಿಸಬೇಕು. ಆದರೆ ತಿಳಿದು ಸ್ವೀಕರಿಸಬೇಕು. ಆದ್ದರಿಂದ ಇಂದು ಕಾರಿನ ಒಂದು ಸಂಗತಿಯನ್ನೇ ನಿಮ್ಮ ಮುಂದೆ ಇಡುತ್ತೇವೆ.

ಕಳೆದ ಶ್ರಾವಣ ಮಾಸದಲ್ಲಿ ದೇವದುರ್ಗದ ಕಡೆಯ ಒಬ್ಬ ಭಕ್ತರು ಹೊಸ ಕಾರು ಕೊಂಡು ಪೂಜೆಗೆ ತಂದರು. ಗೇರು ತಾನೇ ಬದಲಾಗುವ ಕಾರು. ಪೂಜೆಯಾದ ಮೇಲೆ ನಮ್ಮನ್ನು ಒಳಗೆ ಕೂಡ್ರಿಸಿ, ಒಂದು ಗುಂಡಿ ತೋರಿಸಿ, “ಅಪ್ಪಾವ್ರೆ, ಇದಕ್ಕ ಆಟೋ ಹೋಲ್ಡ್ ಅಂತಾರ್ರಿ. ಕಾಲು ತೆಗದ್ರೂ ಬ್ರೇಕು ತಾನಾ ಹಿಡ್ಕೊಂಡಿರ್ತದ್ರಿ. ನಾವೇನೂ ಮಾಡೋದೇ ಬ್ಯಾಡ್ರಿ” ಎಂದರು. ನಾವೂ ಬೆರಗಾದೆವು; ವಿಭೂತಿ ಹಚ್ಚಿ ಹರಸಿ ಕಳಿಸಿದೆವು. ‘ಏನೂ ಮಾಡುವುದು ಬೇಡ’ ಎಂಬ ಮಾತನ್ನು ಅಂದೇ ತಡೆದು ಕೇಳಬೇಕಾಗಿತ್ತು. ಕೇಳಲಿಲ್ಲ. ಅದು ನಮ್ಮ ತಪ್ಪು.

ಮುಂದಿನ ಸೋಮವಾರ ಅವರು ಮತ್ತೆ ಬಂದರು. ಮಠದ ಬಾಗಿಲು ಕಂಡೊಡನೆ, ಬಂದು ಮುಟ್ಟಿದೆವಲ್ಲ ಎಂದು ಸೀಟ್ ಬೆಲ್ಟ್ ಬಿಚ್ಚಿದರು. ಪ್ರಸಾದಕ್ಕೆ ಹೊರಟ ಜನ ಅಡ್ಡ ದಾಟುತ್ತಿದ್ದರು. ಬ್ರೇಕು ಒತ್ತಿ ಕಾರು ನಿಲ್ಲಿಸಿದರು. ಇನ್ನು ಯಂತ್ರವೇ ಹಿಡಿದಿರುತ್ತದೆ ಎಂಬ ನಂಬಿಕೆಯಿಂದ ಕಾಲು ತೆಗೆದು, ಹಿಂದಿನ ಸೀಟಿನಲ್ಲಿದ್ದ ಹಣ್ಣಿನ ಬುಟ್ಟಿಗೆ ಕೈ ಚಾಚಿದರು. ಕಾರು ಸದ್ದಿಲ್ಲದೆ ಮುಂದಕ್ಕೆ ಸರಿಯತೊಡಗಿತು. ಎದುರಿಗೆ ಮಾನ್ವಿಯಿಂದ ಬಂದಿದ್ದ ಒಬ್ಬ ವೃದ್ಧ ತಾಯಿ ಮೊಮ್ಮಗನ ಕೈ ಹಿಡಿದು ನಡೆಯುತ್ತಿದ್ದರು. ಪಕ್ಕದಲ್ಲಿ ಕುಳಿತಿದ್ದ ಭಕ್ತರ ಮಗಳು ಚೀರಿ, ಹ್ಯಾಂಡ್‌ಬ್ರೇಕಿನ ಗುಂಡಿಯನ್ನು ಎಳೆದು ಹಿಡಿದಳು. ಆ ತಾಯಿಯ ಸೆರಗಿಗೆ ಒಂದು ಗೇಣು ಉಳಿದಿರುವಾಗ ಕಾರು ನಿಂತಿತು.

ಆ ಭಕ್ತರು ಒಳಗೆ ಬಂದು ಕುಳಿತು ಅತ್ತರು. “ಯಂತ್ರ ಕೈಕೊಟ್ಟಿತು” ಎಂದರು. ನಾವು ತಿಳಿದವರನ್ನು ಕರೆಸಿ ವಿಚಾರಿಸಿದೆವು. ಯಂತ್ರ ಕೈಕೊಟ್ಟಿರಲಿಲ್ಲ.

ಅವರು ತಿಳಿಸಿದ ಬಗೆ ಹೀಗಿದೆ. ನೀವು ಬ್ರೇಕು ಒತ್ತಿದಾಗ ಕೊಳವೆಯೊಳಗಿನ ಎಣ್ಣೆಯ ಒತ್ತಡ ನಾಲ್ಕೂ ಗಾಲಿಗಳಿಗೆ ಹೋಗಿ ಅವುಗಳನ್ನು ಹಿಡಿಯುತ್ತದೆ. ಕಾಲು ತೆಗೆದರೆ ಒತ್ತಡ ಹಿಂದೆ ಸರಿದು ಹಿಡಿತ ಬಿಡುತ್ತದೆ. ಆಟೋ ಹೋಲ್ಡ್ ಮಾಡುವುದಿಷ್ಟೇ: ಕಾರು ಪೂರ್ತಿ ನಿಂತ ಮೇಲೆ ಸಣ್ಣ ಕವಾಟಗಳನ್ನು ಮುಚ್ಚಿ, ಆ ಒತ್ತಡ ಹಿಂದೆ ಬಾರದಂತೆ ತಡೆಯುತ್ತದೆ. ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಕವಾಟ ತೆರೆದು ಕಾರನ್ನು ಬಿಡುತ್ತದೆ. ಅದು ಓಡುವ ಕಾರನ್ನು ನಿಲ್ಲಿಸುವುದಿಲ್ಲ. ಎದುರಿಗೆ ಬಂದವರನ್ನು ನೋಡುವುದೂ ಇಲ್ಲ. ನಿಲ್ಲಿಸಬೇಕಾದದ್ದು ನಿಮ್ಮ ಕಾಲು. ನೀವು ನಿಲ್ಲಿಸಿದ್ದನ್ನು ನಿಂತಿರುವಂತೆ ಮಾಡುವುದು ಮಾತ್ರ ಅದರ ಕಾಯಕ.

ಅದಕ್ಕೂ ನಿಯಮಗಳಿವೆ. ಅನೇಕ ಕಾರುಗಳಲ್ಲಿ ಬಾಗಿಲು ಮುಚ್ಚಿರಬೇಕು, ನಡೆಸುವವನು ಬೆಲ್ಟ್ ಕಟ್ಟಿರಬೇಕು. ಇಲ್ಲವಾದರೆ ಅದು ಹಿಡಿಯುವುದೇ ಇಲ್ಲ. ಗುಂಡಿ ಒತ್ತಿದೊಡನೆ ಹತ್ತುವ ದೀಪ ‘ಸಿದ್ಧವಾಗಿದ್ದೇನೆ’ ಎನ್ನುತ್ತದೆ. ‘ಹಿಡಿದಿದ್ದೇನೆ’ ಎನ್ನುವ ದೀಪ ಬೇರೆ, ಅದು ಬಹುಮಟ್ಟಿಗೆ ಹಸಿರು. ನಮ್ಮ ಭಕ್ತರು ಬೆಲ್ಟ್ ಬಿಚ್ಚಿದ್ದರು. ಹಸಿರು ದೀಪ ಹತ್ತಿರಲಿಲ್ಲ. ಅವರು ದೀಪ ನೋಡಲಿಲ್ಲ, ಗುಂಡಿಯನ್ನು ನಂಬಿದರು.

ನಿಮ್ಮಲ್ಲಿ ಹಿರಿಯರಾದವರಿಗೆ ಇದು ಹೊಸದಲ್ಲ. ಹೇರು ಬಂಡಿ ಏರಿನಲ್ಲಿ ನಿಂತಾಗ ಗಾಲಿಯ ಹಿಂದೆ ಕಲ್ಲು ಇಡುತ್ತಿದ್ದಿರಿ. ಕಲ್ಲು ಬಂಡಿಯನ್ನು ನಿಲ್ಲಿಸುತ್ತಿತ್ತೇ? ಇಲ್ಲ. ಎತ್ತುಗಳನ್ನು ನೀವು ನಿಲ್ಲಿಸುತ್ತಿದ್ದಿರಿ, ಕಲ್ಲು ಕಾಯುತ್ತಿತ್ತು. ನಮ್ಮ ರಾಯಚೂರಿನ ಕೋಟೆಯಲ್ಲಿ 1294ರ ಶಾಸನವಿರುವ, ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಆ ಕಲ್ಲನ್ನು ತಂದ ಬಗೆಯನ್ನು ಹತ್ತಿರದಲ್ಲೇ ಚಿತ್ರ ಕೊರೆದು ತೋರಿಸಿದ್ದಾರೆ. ಎಳೆಯುವ ಕೋಣಗಳ ಉದ್ದನೆಯ ಸಾಲನ್ನಷ್ಟೇ ಕೊರೆದು ಬಿಟ್ಟಿಲ್ಲ. ಗಾಲಿಗಳ ಬಳಿ ಸನ್ನೆಗೋಲು ಕೊಟ್ಟು ನಿಂತ ಆಳುಗಳನ್ನೂ ಕೊರೆದಿದ್ದಾರೆ. ಎಳೆಯುವ ಬಲ ಎಷ್ಟೇ ಇರಲಿ, ಗಾಲಿಯ ಹತ್ತಿರ ಎಚ್ಚರವಾಗಿರುವ ಮನುಷ್ಯ ಬೇಕು ಎಂಬುದನ್ನು ಅವರು ಬಲ್ಲವರಾಗಿದ್ದರು.

ಹಿಡಿದಿಡುವ ವಸ್ತುವಿಗೂ ಕಾವಲು ಬೇಕು. ಮಾನ್ವಿಯ ರೈತರು ಇದನ್ನು ಕಣ್ಣಾರೆ ಕಂಡಿದ್ದೀರಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಎಡದಂಡೆ ಕಾಲುವೆಯನ್ನು ನಂಬಿ ಭತ್ತ ಹಚ್ಚಿದವರ ಎದೆಯೂ ಅಂದು ಒಡೆದಿತ್ತು. ಹರಿಯುವ ನೀರಿನಲ್ಲೇ ತಡೆಹಲಗೆಗಳನ್ನಿಳಿಸಿ ಒಂದು ವಾರದಲ್ಲಿ ಆ ಬಾಯಿ ಮುಚ್ಚಿದ ಕೆಲಸಗಾರರಿಗೆ ನಾವೆಲ್ಲ ಋಣಿಗಳು. ಅಷ್ಟು ದೊಡ್ಡ ಸರಪಳಿಯ ಗತಿಯೇ ಹೀಗಿರುವಾಗ, ಕಾರಿನ ಸಣ್ಣ ಕವಾಟದ ಮೇಲೆ ಪೂರ್ತಿ ಭಾರ ಹಾಕಿ ಮೈಮರೆಯಬಹುದೇ?

ಈಗ ನಮ್ಮ ಒಳಗಿನ ಗಾಡಿಗೆ ಬರೋಣ. ಷಟ್‌ಸ್ಥಲದಲ್ಲಿ ಭಕ್ತನದು ಶ್ರದ್ಧಾಭಕ್ತಿ, ಮಹೇಶನದು ನಿಷ್ಠಾಭಕ್ತಿ, ಪ್ರಸಾದಿಯದು ಅವಧಾನಭಕ್ತಿ. ಸಿಟ್ಟು ಓಡಿ ಬರುವಾಗ ‘ಇದು ಬೇಡ’ ಎಂದು ತಡೆಯುತ್ತೇವಲ್ಲ, ಅದು ಶ್ರದ್ಧೆಯ ಕೆಲಸ. ಬ್ರೇಕಿನ ಮೇಲೆ ಒತ್ತಿದ ಕಾಲು. ತಡೆದದ್ದು ಮತ್ತೆ ಜಾರದಂತೆ ದಿನದಿನವೂ ಹಿಡಿದಿಡುವುದು ನಿಷ್ಠೆ. ನಿಷ್ಠೆ ಹಿಡಿದಿದೆಯೋ ಸಡಿಲಿದೆಯೋ ಎಂದು ದೀಪ ನೋಡುತ್ತಿರುವುದು ಅವಧಾನ. ಮೂರರಲ್ಲಿ ಒಂದು ತಪ್ಪಿದರೂ ಗಾಡಿ ಸರಿಯುತ್ತದೆ.

ನಮ್ಮ ಮುಂದೆ ಲಿಂಗ ಮುಟ್ಟಿ ಕುಡಿತ ಬಿಟ್ಟವರು ಈ ಸಭೆಯಲ್ಲೇ ಇದ್ದೀರಿ. ಬಿಟ್ಟ ದಿನ ನಿಮ್ಮ ಕಾಲು ಬಲವಾಗಿಯೇ ಒತ್ತಿತ್ತು. ಆರು ತಿಂಗಳಾದ ಮೇಲೆ ‘ನಾವು ಮುಟ್ಟಿದೆವಲ್ಲ’ ಎಂದು ಪೂಜೆಯ ಹೊತ್ತು ತಪ್ಪಿಸಿದಿರಿ, ಹಳೆಯ ಗೆಳೆಯರ ಪಕ್ಕ ಕುಳಿತಿರಿ. ಅದೇ ಬೆಲ್ಟ್ ಬಿಚ್ಚುವುದು. ಜಾರಿದ ಮೇಲೆ ‘ಲಿಂಗ ಕೊರಳಲ್ಲೇ ಇತ್ತು, ಆದರೂ ಹಿಡಿಯಲಿಲ್ಲ’ ಎಂದು ಬಂದು ಅಳುತ್ತೀರಿ. ಇಷ್ಟಲಿಂಗ ಎದೆಯ ಮೇಲಿನ ಗುಂಡಿಯಲ್ಲ. ಬಸವಣ್ಣನವರು ಅದನ್ನು ಅಂಗೈಗೆ ಕೊಟ್ಟದ್ದು ದಿನವೂ ನೋಡಲೆಂದು. ನೋಡುವವನನ್ನು ಅದು ಹಿಡಿಯುತ್ತದೆ, ನೋಡದೆ ಬಿಟ್ಟವನು ಜಾರುತ್ತಾನೆ. ಜಾರಿದವರನ್ನು ಮಠ ದೂರ ಮಾಡುವುದಿಲ್ಲ. ಮತ್ತೆ ಬನ್ನಿ, ಮತ್ತೆ ಕಟ್ಟಿಕೊಳ್ಳಿ.

ಕೊನೆಯದಾಗಿ, ಕಾರಿದ್ದವರಿಗೆ ನಾಲ್ಕು ಮಾತು. ಮಠದ ಬಾಗಿಲು ಕಂಡರೂ ಗಾಡಿ ನಿಲ್ಲಿಸುವ ತನಕ ಬೆಲ್ಟ್ ಬಿಚ್ಚಬೇಡಿರಿ. ಹಸಿರು ದೀಪ ನೋಡದೆ ಕಾಲು ತೆಗೆಯಬೇಡಿರಿ. ತೆಗೆದರೂ ಬ್ರೇಕಿನ ಹತ್ತಿರವೇ ಇರಲಿ. ಇಕ್ಕಟ್ಟಿನಲ್ಲಿ ಗಾಡಿ ಹಿಂದೆ ಮುಂದೆ ಮಾಡುವಾಗ ಆ ಗುಂಡಿಯನ್ನು ಆರಿಸಿಡಿರಿ. ಇಳಿಯುವಾಗ ಗೇರನ್ನು ಪಾರ್ಕಿಗೆ ಹಾಕಿ, ಹ್ಯಾಂಡ್‌ಬ್ರೇಕು ಹಾಕಿ, ಇಂಜಿನ್ನು ಆರಿಸಿ ಇಳಿಯಿರಿ. ಆಟೋ ಹೋಲ್ಡ್ ಇರುವುದು ಕುಳಿತವನಿಗೆ, ಎದ್ದು ಹೋಗುವವನಿಗಲ್ಲ.

ಆ ದೇವದುರ್ಗದ ಭಕ್ತರು ಇಂದು ಇಲ್ಲಿಗೆ ಬಂದಿದ್ದಾರೆ. ಮಾನ್ವಿಯ ಆ ತಾಯಿಯೂ ಮೊಮ್ಮಗನೊಡನೆ ಬಂದಿದ್ದಾರೆ. ಅಂದು ಆ ತಾಯಿ ಅವರಿಗೆ ಬೈಯಲಿಲ್ಲ. “ಇನ್ನೊಮ್ಮೆ ಮುಂದ ನೋಡಪ್ಪಾ” ಎಂದರಂತೆ. ನಮ್ಮ ಇಷ್ಟು ಹೊತ್ತಿನ ಮಾತು ಆ ಒಂದು ಮಾತಿನಲ್ಲಿದೆ. ನಿಮ್ಮೆಲ್ಲರ ಕಾಲಿಗೆ ಶ್ರದ್ಧೆಯನ್ನೂ, ಮನಕ್ಕೆ ನಿಷ್ಠೆಯನ್ನೂ, ಕಣ್ಣಿಗೆ ಅವಧಾನವನ್ನೂ ಬಸವಾದಿ ಪ್ರಮಥರು ಕರುಣಿಸಲೆಂದು ಹಾರೈಸುತ್ತೇವೆ.