ಕೊನೆಯ ಅರವತ್ತು ತಿಂಗಳು

ವಾರಕ್ಕೊಂದೇ ರಜೆ ಸಿಗುವ ಭಾನುವಾರವನ್ನೂ ಬಿಟ್ಟು ಬಂದಿರುವ ಗಾರ್ಮೆಂಟ್ಸ್‌ನ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ಬೆಂಗಳೂರಿನ ಈ ಬೇಗೂರಿನಲ್ಲಿ ನಿಂತು ಪಿಂಚಣಿಯ ಮಾತೆತ್ತಿದರೆ ಇಲ್ಲಿ ಸಿಕ್ಕ ವೀರಗಲ್ಲು ನೆನಪಾಗುತ್ತದೆ. ಯುದ್ಧದಲ್ಲಿ ನಾಗತ್ತರ ಮಡಿದ ಮೇಲೆ ಗಂಗ ದೊರೆ ಎರೆಯಪ್ಪ ಅವನ ಸ್ಥಾನಕ್ಕೆ ಬಂದ ಇರುಗನಿಗೆ ಬೆಂಪೂರು ಹನ್ನೆರಡನ್ನು, ಅಂದರೆ ಈ ಬೇಗೂರಿನ ಸುತ್ತಲ ಹನ್ನೆರಡು ಹಳ್ಳಿಗಳನ್ನು, ಕಲ್ನಾಡಾಗಿ (ವೀರನ ಹೆಸರಿನ ಭೂದಾನವಾಗಿ) ಕೊಟ್ಟದ್ದನ್ನು ಆ ಕಲ್ಲು ಹೇಳುತ್ತದೆ. ನಾಗತ್ತರನ ಕೊನೆಯ ಐದು ವರ್ಷದ ವರಮಾನ ಎಷ್ಟಿತ್ತೆಂದು ಯಾರೂ ಲೆಕ್ಕ ಹಾಕಿದಂತಿಲ್ಲ!

ನಮಗೆ ಮಾತ್ರ ಹಾಕುತ್ತಾರೆ. 1995ರ ನೌಕರರ ಪಿಂಚಣಿ ಯೋಜನೆಯ ಸೂತ್ರ ಸರಳ: ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. ಸಂಬಳ ಎಂದರೆ ಬೇಸಿಕ್ ಮತ್ತು ಡಿಎ. ಮೊದಲು ಕೊನೆಯ 12 ತಿಂಗಳ ಸರಾಸರಿ ಹಿಡಿಯುತ್ತಿದ್ದರು. 2014ರ ಸೆಪ್ಟೆಂಬರ್ 1ರಿಂದ ಅದು 60 ತಿಂಗಳಾಯಿತು.

ಐವತ್ಮೂರು ದಾಟಿದ ಟೈಲರ್ ಒಬ್ಬರನ್ನು ಎಣಿಸಿಕೊಳ್ಳಿ. ಕಣ್ಣು ಮಂಜಾಗಿದೆ, ಟಾರ್ಗೆಟ್ ಮುಟ್ಟುತ್ತಿಲ್ಲ. ಆ ಕೆಲಸ ಬಿಟ್ಟು ಸಣ್ಣ ಯೂನಿಟ್ ಒಂದರಲ್ಲಿ ದಾರ ಕತ್ತರಿಸುವ ಹೆಲ್ಪರ್ ಆಗಿ ಸೇರುತ್ತಾರೆ. 14,000 ಇದ್ದ ಸಂಬಳ 10,500ಕ್ಕೆ ಇಳಿಯಿತು ಎನ್ನೋಣ. 2014ರ ಬದಲಾವಣೆಯ ನಂತರ ಸೇರಿ 12 ವರ್ಷ ದುಡಿದವರಿಗೆ 14,000ದ ಮೇಲೆ ತಿಂಗಳಿಗೆ 2,400 ರೂಪಾಯಿ ಪಿಂಚಣಿ ಬರಬೇಕು. ಕೊನೆಯ ಐದೂ ವರ್ಷ 10,500ರಲ್ಲೇ ಕಳೆದರೆ ಬರುವುದು 1,800. ಹಿಂದಿನ ಏಳು ವರ್ಷ ಹೆಚ್ಚು ಸಂಬಳಕ್ಕೆ ಕಟ್ಟಿದ ವಂತಿಗೆ ಸರಾಸರಿಯ ಹತ್ತಿರವೂ ಸುಳಿಯುವುದಿಲ್ಲ. ಬದುಕಿರುವವರೆಗೂ ತಿಂಗಳಿಗೆ 600 ಖೋತಾ.

ಇನ್ನು ಐವತ್ತು ಸಾವಿರ ಎಣಿಸುತ್ತಿದ್ದ ಸಾಹೇಬರು ಇಪ್ಪತ್ತು ಸಾವಿರಕ್ಕೆ ಇಳಿದರೆ? ಸಾಮಾನ್ಯ ಲೆಕ್ಕದಲ್ಲಿ ಅವರಿಗೆ ಒಂದು ರೂಪಾಯಿಯೂ ಕಡಿಮೆಯಾಗದು, ಏಕೆಂದರೆ 2014ರಿಂದ ಪಿಂಚಣಿ ಸಂಬಳದ ಮಿತಿ 15,000. ಸಂಬಳ ಇಳಿದಾಗ ಏಟು ಬೀಳುವುದು ಮಿತಿಯ ಕೆಳಗಿರುವವರಿಗೆ, ಇಲ್ಲವೇ ಅದರ ಕೆಳಗೆ ಇಳಿಯುವವರಿಗೆ ಮಾತ್ರ. ಈ ನಿಯಮದಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿ ಇದೇ.

ಸಂಬಳವಿಲ್ಲದ ರಜೆಯ ಕಥೆ ಬೇರೆ. ಆ ದಿನಗಳನ್ನು ಸರಾಸರಿಗೆ ಸೇರಿಸುವುದಿಲ್ಲ, ಸೇವೆಯ ಅವಧಿಯಲ್ಲಿ ಕಳೆಯುತ್ತಾರೆ. ಇನ್ನು, ಸರಾಸರಿ ಕುಸಿಯುತ್ತದೆಂದು ಹೆದರಿ ಸಂಬಳ ಇಳಿಯುವ ಮೊದಲೇ ಕೆಲಸ ಬಿಡಬೇಡಿ. ಅದೇ ಟೈಲರ್ 55ರವರೆಗೆ 14,000ದಲ್ಲೇ ದುಡಿದು ಬಿಟ್ಟರೆ ಆ ಸರಾಸರಿ ಉಳಿದೀತು, ಆದರೆ ಒಂಬತ್ತೇ ವರ್ಷದ ಸೇವೆಗೆ ತಿಂಗಳ ಪಿಂಚಣಿಯೇ ಸಿಗದು; ಅದಕ್ಕೆ ಕನಿಷ್ಠ ಹತ್ತು ವರ್ಷದ ಸೇವೆ ಬೇಕು. 10,500ರ ಕಡಿಮೆ ಸಂಬಳಕ್ಕಾದರೂ ಇನ್ನೂ ಮೂರು ವರ್ಷ ದುಡಿದು, ಪಿಂಚಣಿಯ ವಯಸ್ಸಾದ 58 ಮುಟ್ಟಿಸಿದರೆ ತಿಂಗಳಿಗೆ 2,040.

ನಿಮ್ಮ ಪಿಎಫ್ ಪಾಸ್‌ಬುಕ್‌ನ ಪಿಂಚಣಿ ಕಾಲಂ ನೋಡಿ. ಮಾಲೀಕರು ನಿಮ್ಮ ಸಂಬಳದ ಶೇ 8.33ರಷ್ಟನ್ನು ಅಲ್ಲಿಗೆ ಹಾಕಬೇಕು. 14,000ಕ್ಕೆ ಅದು 1,166. ಕೈಗೆ ಬರುವ ಸಂಬಳ ಹಾಗೇ ಇದ್ದು ಈ ಅಂಕಿ ಮಾತ್ರ ಇಳಿದಿದ್ದರೆ, ಬೇಸಿಕ್ ಇಳಿಸಿ ಬೇರೆ ಭತ್ಯೆ ಏರಿಸಿದ್ದಾರೆಯೇ ಎಂದು ಕೇಳಿ. ನಿವೃತ್ತಿಯ ದಿನ ಕೇಳಿದರೆ ತಡವಾಯಿತು.

60 ತಿಂಗಳ ಸರಾಸರಿಯನ್ನು ಸುಪ್ರೀಂ ಕೋರ್ಟ್ 2022ರ ನವೆಂಬರ್ 4ರಂದು ಎತ್ತಿಹಿಡಿದಿದೆ. ಹಾಗಾಗಿ ಯೋಜನೆಯನ್ನು ಕೇಂದ್ರ ಸರ್ಕಾರವೇ ತಿದ್ದಬೇಕು. ತಿದ್ದುವುದಿಲ್ಲ ಎಂದು ನಾನು ನಂಬುವುದಿಲ್ಲ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣಕ್ಕೆ ಬೀಗ ಹಾಕುವ ನಿಯಮದ ವಿರುದ್ಧ ಇಲ್ಲೇ ಹತ್ತಿರದ ಹೊಸೂರು ರಸ್ತೆಗೆ ಇಳಿದವರು ನೀವೇ. ಎರಡನೆಯ ದಿನವೇ ದೆಹಲಿ ಅದನ್ನು ಹಿಂದಕ್ಕೆ ಪಡೆಯಿತು.

ಈಗ ಸಭೆಯ ಮುಂದಿಡುವ ನಿರ್ಣಯ: ಕೊನೆಯ 60 ತಿಂಗಳ ಸರಾಸರಿ, ಇಲ್ಲವೇ ಇಡೀ ಸೇವೆಯಲ್ಲಿ ಅತಿ ಹೆಚ್ಚು ಸಂಬಳ ಬಂದ 60 ತಿಂಗಳ ಸರಾಸರಿ, ಎರಡರಲ್ಲಿ ಯಾವುದು ಹೆಚ್ಚೋ ಅದನ್ನೇ ಹಿಡಿಯಬೇಕು. ಒಪ್ಪುವವರು ಕೈ ಎತ್ತಿ.