ನಿಮ್ಮ ಹೆಬ್ಬೆಟ್ಟು ಯಾರ ಕೈಯಲ್ಲಿದೆ?

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಉರ್ದು, ಕನ್ನಡ ಕಲಿಸುವ ಮೇಷ್ಟ್ರಿಗೆ ಕಂಪ್ಯೂಟರ್ ಮತ್ತು ಕಾನೂನಿನ ವಿಷಯ ಯಾಕೆ ಕೊಟ್ಟರು ಎಂದು ನಿಮಗೆ ಅನ್ನಿಸಿರಬಹುದು. ನಾನೇ ಕೇಳಿ ತೆಗೆದುಕೊಂಡೆ. ಅದಕ್ಕೆ ಕಾರಣ ಒಂದು ಎಣ್ಣೆ ಕಾಗದ.

ಒಂದು ಸಂಜೆ ಹೊಸಪೇಟೆಯಲ್ಲಿ ಒಗ್ಗರಣಿ-ಮಿರ್ಚಿ ಕಟ್ಟಿಸಿಕೊಂಡು ಮನೆಗೆ ಹೋದೆ. ಪೊಟ್ಟಣ ಬಿಚ್ಚಿದರೆ ಕಾಗದದ ಮೇಲೆ ಒಬ್ಬ ಹುಡುಗಿಯ ಫೋಟೋ. ಯಾವುದೋ ವಿದ್ಯಾರ್ಥಿವೇತನದ ಅರ್ಜಿಯ ಜೆರಾಕ್ಸ್. ಅದರಲ್ಲಿ ಆಧಾರ್ ಸಂಖ್ಯೆ, ತಂದೆಯ ಮೊಬೈಲ್ ನಂಬರ್, ಬ್ಯಾಂಕ್ ಖಾತೆ, ಕೊನೆಯಲ್ಲಿ ತಾಯಿಯ ಹೆಬ್ಬೆಟ್ಟಿನ ಗುರುತು. ಎಲ್ಲಿಯ ರದ್ದಿಯೋ ತಿಳಿಯಲಿಲ್ಲ. ಮಿರ್ಚಿ ಗಂಟಲಿಗಿಳಿಯಲಿಲ್ಲ. ಯಾಕೆಂದರೆ ಅಂಥ ಅರ್ಜಿಗಳ ಕಟ್ಟುಗಳು ನನ್ನ ಕಪಾಟಿನಲ್ಲೂ ಇವೆ. ಮಕ್ಕಳಿಂದ ಕೇಳಿ ಪಡೆದವನು ನಾನೇ. ಕೆಲಸ ಮುಗಿದ ಮೇಲೆ ಅವುಗಳನ್ನು ಏನು ಮಾಡಬೇಕು ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿಕೆಯಿಂದ ಒಪ್ಪಿಸಿದ ವಸ್ತು. ಅದೇ ಪದ ಕನ್ನಡದ ಕಚೇರಿಗೆ ಬಂದು ಅಮಾನತು ಆಗಿ, ನೌಕರಿಯಿಂದ ದೂರ ಇಡುವುದು ಎಂಬ ಅರ್ಥವನ್ನೂ ಪಡೆದಿದೆ. ಮೊದಲನೆಯದನ್ನು ಕಾಯದವನಿಗೆ ಎರಡನೆಯದು ಸಿಗಬೇಕು ಎಂದು ನಾನು ತರಗತಿಯಲ್ಲಿ ತಮಾಷೆ ಮಾಡುತ್ತಿದ್ದೆ. ಅಂದು ಆ ತಮಾಷೆ ನನ್ನ ಮೇಲೇ ತಿರುಗಿತು.

ಒಂದು ಜೆರಾಕ್ಸ್‌ನಿಂದ ಏನು ಮಹಾ ನಷ್ಟ ಎನ್ನುವವರು 2023ರಲ್ಲಿ ನಮ್ಮ ರಾಜ್ಯದಲ್ಲೇ ನಡೆದದ್ದನ್ನು ಕೇಳಿ. ಹಳ್ಳಿಗಳಲ್ಲಿ ಬ್ಯಾಂಕ್ ಪ್ರತಿನಿಧಿಯ ಚಿಕ್ಕ ಯಂತ್ರದ ಮೇಲೆ ಬೆರಳಿಟ್ಟು ಹಣ ತೆಗೆಯುವ ವ್ಯವಸ್ಥೆ ಇದೆಯಲ್ಲ, ಅದಕ್ಕೆ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಸಾಕು. ಪಿನ್ ಬೇಡ, ಓಟಿಪಿ ಬೇಡ. ಆ ವರ್ಷ ಅನೇಕರ ಖಾತೆಯಿಂದ ಹೀಗೆ ಹಣ ಹೋಯಿತು. ಅವರು ಯಾರಿಗೂ ಓಟಿಪಿ ಹೇಳಿರಲಿಲ್ಲ, ಯಾವ ಲಿಂಕನ್ನೂ ಒತ್ತಿರಲಿಲ್ಲ. ಬೆಂಗಳೂರು ಪೊಲೀಸರ ತನಿಖೆಯಲ್ಲಿ ಹೊರಬಿದ್ದದ್ದೇನು? ವಂಚಕರು ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶದಿಂದ ಪತ್ರಗಳ ಪ್ರತಿ ಪಡೆದು, ಅದರಲ್ಲಿದ್ದ ಹೆಬ್ಬೆಟ್ಟಿನ ಗುರುತಿನಿಂದ ನಕಲಿ ಬೆರಳಚ್ಚು ತಯಾರಿಸುತ್ತಿದ್ದರು. ಆಮೇಲೆ ನೋಂದಣಿ ಇಲಾಖೆ ಪ್ರತಿಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡಿತು. ಹೊಲ ಕೊಳ್ಳುವಾಗ, ಮನೆ ಮಾರುವಾಗ ನಾವು ಒತ್ತಿದ ಹೆಬ್ಬೆಟ್ಟು ಅದು. ಪಾಸ್‌ವರ್ಡ್ ಕಳುವಾದರೆ ಬದಲಾಯಿಸಬಹುದು. ಹೆಬ್ಬೆಟ್ಟನ್ನು ಹೇಗೆ ಬದಲಾಯಿಸುತ್ತೀರಿ?

ಈ ವಿಷಯದಲ್ಲಿ ನಾವು ನೆನೆಯಬೇಕಾದ ಕನ್ನಡ ನಾಡಿನ ಹಿರಿಯರೊಬ್ಬರಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದಾಗ ಅವರಿಗೆ 86 ವರ್ಷ. ಖಾಸಗಿತನ ಮೂಲಭೂತ ಹಕ್ಕಲ್ಲ ಎಂದು ಕೇಂದ್ರ ಸರ್ಕಾರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಒಬ್ಬರೂ ಭಿನ್ನ ಅಭಿಪ್ರಾಯವಿಲ್ಲದೆ, ಅದು ಮೂಲಭೂತ ಹಕ್ಕೇ ಎಂದಿತು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಆಧಾರ್ ಯೋಜನೆ ಉಳಿಯಿತು. ಆದರೆ ಶಾಲಾ ಪ್ರವೇಶಕ್ಕೆ ಅದನ್ನು ಕಡ್ಡಾಯ ಮಾಡುವಂತಿಲ್ಲ ಎಂದೂ ನ್ಯಾಯಾಲಯ ಹೇಳಿತು. ಇದನ್ನು ನಮ್ಮ ಎಷ್ಟು ಶಿಕ್ಷಕರು ಓದಿದ್ದೇವೆ? ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು.

ನಮ್ಮಲ್ಲಿ ವಕೀಲರಿದ್ದೀರಿ, ವ್ಯಾಪಾರಸ್ಥರಿದ್ದೀರಿ. ಹಂಪಿ ಕಡೆ ಲಾಡ್ಜ್ ನಡೆಸುವವರು ಅತಿಥಿಗಳ ಪಾಸ್‌ಪೋರ್ಟ್ ಪ್ರತಿ ಇಟ್ಟುಕೊಳ್ಳುತ್ತೀರಿ. ಸಂಡೂರಿನಲ್ಲಿ ಲಾರಿ ಇಟ್ಟವರ ಬಳಿ ಚಾಲಕರ ಲೈಸೆನ್ಸ್, ಆಧಾರ್ ಇರುತ್ತದೆ. ಕಂಪ್ಲಿಯಲ್ಲಿ ಭತ್ತ ಕೊಳ್ಳುವವರ ಬಳಿ ರೈತರ ಪಾಸ್‌ಬುಕ್ ಪ್ರತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಿಮಗೂ ಸಂಬಂಧಿಸಿದ್ದು. ಯಾಕೆ ಬೇಕು ಎಂದು ಹೇಳಿ ಪಡೆಯಬೇಕು, ಕೆಲಸ ಮುಗಿದ ಮೇಲೆ ಅಳಿಸಬೇಕು. 18 ತುಂಬದ ಮಕ್ಕಳದಾದರೆ ಪೋಷಕರ ಒಪ್ಪಿಗೆ ಬೇಕು. ಭದ್ರತೆಯ ಲೋಪಕ್ಕೆ ದಂಡ 250 ಕೋಟಿ ರೂಪಾಯಿವರೆಗೆ ಇದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು. ಮುಖ್ಯ ಹೊಣೆಗಳಿಗೆ 18 ತಿಂಗಳ ಅವಕಾಶ ಕೊಡಲಾಯಿತು. ಒಂದು ಮಾತು ಮರೆಮಾಚುವುದಿಲ್ಲ. ಈ ಕಾಯ್ದೆ ಕಂಪ್ಯೂಟರ್ ಅಥವಾ ಮೊಬೈಲಿನೊಳಗೆ ಹೋದ ವಿವರಕ್ಕೆ ಮಾತ್ರ. ನನ್ನ ಮಿರ್ಚಿಯ ಕಾಗದ ಕಾಗದವಾಗಿಯೇ ಇದ್ದಷ್ಟು ದಿನ ಇದರ ಹೊರಗೆ. ಆದರೆ ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಲು ಎಷ್ಟು ಹೊತ್ತು ಬೇಕು?

ಇನ್ನು ತಾಯಂದಿರಿಗೆ. ಆಧಾರ್ ಆ್ಯಪ್‌ನಲ್ಲಿ ಅಥವಾ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಬೆರಳಚ್ಚಿಗೆ ಬೀಗ ಹಾಕಬಹುದು. ಪಡಿತರ ತರುವ ದಿನ ತೆರೆದು, ಆಮೇಲೆ ಹಾಕಿಕೊಳ್ಳಿ. ಮರೆತರೆ ನ್ಯಾಯಬೆಲೆ ಅಂಗಡಿಯಲ್ಲಿ ಯಂತ್ರ ನಿಮ್ಮನ್ನು ಗುರುತಿಸುವುದಿಲ್ಲ. ಪ್ರತಿ ಕೊಡಲೇಬೇಕಾದಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ನಡೆಯುತ್ತದೆಯೇ ಎಂದು ಕೇಳಿ. ಯಾವ ಕೆಲಸಕ್ಕೆ, ಯಾವ ದಿನಾಂಕ ಎಂದು ಅದರ ಮೇಲೆ ಅಡ್ಡಲಾಗಿ ಬರೆಯಿರಿ. ಹಣ ಹೋದರೆ ಅಳುತ್ತಾ ಕೂರಬೇಡಿ, ಯಾರ ಬೈಗುಳಕ್ಕೂ ಹೆದರಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ. ಬ್ಯಾಂಕಿಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಗ್ರಾಹಕರ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಹಣ ಹೋಗಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕರದಲ್ಲ ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈ ಸುತ್ತೋಲೆಯಲ್ಲಿ ಹೇಳಿತು. ನಾಚಿಕೆಯಿಂದ ಸುಮ್ಮನಿದ್ದು ಆ ಮೂರು ದಿನ ಕಳೆದುಕೊಂಡವರೂ ಇದ್ದಾರೆ.

ವಿದ್ಯಾರ್ಥಿಗಳೇ, ನಿಮಗೆ ಬೇರೆ ಅಪಾಯವಿದೆ. ನಿನ್ನ ಅಕೌಂಟ್, ಎಟಿಎಂ ಕಾರ್ಡ್, ಸಿಮ್ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ, ಆ ಖಾತೆಗೆ ಬರುವುದು ಯಾರೋ ಕಳೆದುಕೊಂಡ ಹಣ. ಪೊಲೀಸರು ಮೊದಲು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಇನ್ನೊಬ್ಬರ ಪಾಸ್‌ವರ್ಡ್, ಗುರುತು ಬಳಸಿ ಮೋಸ ಮಾಡಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ, ಕಂಪ್ಯೂಟರ್ ಮೂಲಕ ಬೇರೊಬ್ಬರಂತೆ ನಟಿಸಿ ವಂಚಿಸಿದರೆ 66ಡಿ. ಎರಡಕ್ಕೂ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಗೆಳೆಯನ ಫೋನ್ ತೆಗೆದು ಚೇಷ್ಟೆ ಮಾಡುವವರೂ ಇದನ್ನು ನೆನಪಿಡಿ.

ನನ್ನ ಕಪಾಟಿನ ಕಟ್ಟುಗಳನ್ನು ಇಂದು ಇಲ್ಲಿಗೇ ತಂದಿದ್ದೇನೆ, ಮೂರು ವರ್ಷದವು. ಕಚೇರಿಯ ದಾಖಲೆಗೆ ಬೇಕಾದ ಅರ್ಜಿಗಳನ್ನು ಬೇರೆ ಮಾಡಿ ಬೀಗದೊಳಗೆ ಇಟ್ಟಿದ್ದೇನೆ. ಉಳಿದ ಹೆಚ್ಚುವರಿ ಪ್ರತಿಗಳು ಆ ಮೇಜಿನ ಮೇಲಿವೆ, ತರಗತಿವಾರು. ಊಟಕ್ಕೆ ಹೋಗುವ ಮೊದಲು ನಿಮ್ಮ ಮಕ್ಕಳದನ್ನು ಹುಡುಕಿ, ಸಹಿ ಮಾಡಿ ತೆಗೆದುಕೊಂಡು ಹೋಗಿ. ಹೆಬ್ಬೆಟ್ಟು ಒತ್ತುವವರಿಗಾಗಿ ಇಂಕ್ ಪ್ಯಾಡ್ ಇಟ್ಟಿಲ್ಲ. ನೀವು ಬಂದು ಹೆಸರು ಹೇಳಿದರೆ ಸಾಕು, ನಾನೇ ಬರೆದುಕೊಳ್ಳುತ್ತೇನೆ.