ಚಕ್ರವನ್ನು ಸಮಪಾಲು ಮಾಡುವ ಬಗೆ

ವೃತ್ತವೊಂದನ್ನು ಕಾಗದದ ಮೇಲೆ ಭಾಗಿಸುವುದು ಕಷ್ಟವಲ್ಲ. ಕಬ್ಬಿಣದ ಮೇಲೆ ಭಾಗಿಸುವುದು ಬೇರೆಯೇ ಮಾತು. ಗಡಿಯಾರದ ಚಕ್ರವಾಗಲಿ, ಕಬ್ಬಿನ ಗಾಣದ ಚಕ್ರವಾಗಲಿ, ಅದರ ಹಲ್ಲುಗಳೆಲ್ಲ ಒಂದೇ ಅಂತರದಲ್ಲಿ ಇರಬೇಕು. ಒಂದು ಹಲ್ಲು ಹೆಚ್ಚುಕಡಮೆಯಾದರೂ ಚಕ್ರವು ಸುತ್ತಿಗೊಮ್ಮೆ ಕುಂಟುತ್ತದೆ. ಕುಂಟುತ್ತ ಕುಂಟುತ್ತ ಜೊತೆಯ ಚಕ್ರವನ್ನೂ ಕೆಡಿಸುತ್ತದೆ. ಈ ಸಮಪಾಲನ್ನು ಮಾಡಿಕೊಡುವ ಸಾಧನಕ್ಕೆ ಡಿವೈಡಿಂಗ್ ಹೆಡ್ ಎಂದು ಹೆಸರು. ಲೋಹವನ್ನು ಕೊರೆಯುವ ಮಿಲ್ಲಿಂಗ್ ಯಂತ್ರದ ಮೇಜಿನ ಮೇಲೆ ಇದನ್ನು ಕೂರಿಸುತ್ತಾರೆ.

ಕನ್ನಡ ಪಾಠ ಹೇಳುವವನಿಗೆ ಈ ಗೊಡವೆ ಏಕೆ ಎಂದು ತಾವು ಕೇಳಬಹುದು. ನಮ್ಮ ಶಾಲೆಯಿಂದ ಹೊರಟ ಹುಡುಗರಲ್ಲಿ ಕೆಲವರು ಐ.ಟಿ.ಐ. ಮುಗಿಸಿ ಸಣ್ಣ ವರ್ಕ್‌ಷಾಪು ತೆರೆಯುತ್ತಾರೆ. ಅವರ ಸಾಲಕ್ಕೆ ಜಾಮೀನು ನಿಲ್ಲುವವರು ತಂದೆಯೋ ಸೋದರಮಾವನೋ ಆಗಿರುತ್ತಾರೆ. ಹುಡುಗನು ಕೇಳುವ ವಸ್ತು ಯಾವುದು, ಅದರಲ್ಲಿ ಪರೀಕ್ಷಿಸಬೇಕಾದದ್ದು ಏನು ಎಂಬುದು ರುಜು ಹಾಕುವ ಹಿರಿಯರಿಗೂ ಸ್ವಲ್ಪ ತಿಳಿದಿದ್ದರೆ ಒಳ್ಳೆಯದು.

ವೃತ್ತಕ್ಕೆ ೩೬೦ ಭಾಗೆ, ಭಾಗೆಗೆ ೬೦ ಕಲೆ, ಒಟ್ಟು ೨೧,೬೦೦ ಕಲೆ ಎಂಬುದು ನಮ್ಮ ಜ್ಯೋತಿಷ ಗ್ರಂಥಗಳ ಲೆಕ್ಕ. ಇದೇ ಲೆಕ್ಕವನ್ನು ಲೋಹದಲ್ಲಿ ಮೂಡಿಸಿದವನು ಇಂಗ್ಲೆಂಡಿನ ಜೆಸ್ಸಿ ರ‍್ಯಾಮ್ಸ್‌ಡೆನ್. ಅವನ ವಿಭಜನ ಯಂತ್ರದ ವಿವರಣೆ ೧೭೭೭ರಲ್ಲಿ ಅಚ್ಚಾಯಿತು. ಅದರ ದೊಡ್ಡ ಚಕ್ರಕ್ಕೆ ೨,೧೬೦ ಹಲ್ಲುಗಳು. ತಿರುಪನ್ನು ಒಂದು ಸುತ್ತು ತಿರುಗಿಸಿದರೆ ಚಕ್ರವು ಸರಿಯಾಗಿ ಹತ್ತು ಕಲೆ ಸರಿಯುತ್ತಿತ್ತು. ನಾವಿಕರ ಕೋನಮಾಪಕಗಳಿಗೆ ಗೆರೆ ಹಾಕಲು ಅದು ಒದಗಿತು. ಮುಂದೆ ೧೮೬೨ರಲ್ಲಿ ಅಮೆರಿಕದ ಪ್ರಾವಿಡೆನ್ಸ್ ನಗರದ ಜೋಸೆಫ್ ಬ್ರೌನ್ ಎಂಬಾತನು ತನ್ನ ಮಿಲ್ಲಿಂಗ್ ಯಂತ್ರಕ್ಕೆ ಡಿವೈಡಿಂಗ್ ಹೆಡ್ಡನ್ನು ಜೋಡಿಸಿದನು. ಹರಿಹರದಲ್ಲಿಯೂ ಬೆಂಗಳೂರಿನ ಜಾಲಹಳ್ಳಿಯಲ್ಲಿಯೂ ಯಂತ್ರಗಳನ್ನು ಮಾಡುವ ಯಂತ್ರಗಳೇ ತಯಾರಾದ ನಾಡು ನಮ್ಮದು. ಈ ವಿದ್ಯೆ ನಮಗೆ ಪರಕೀಯವೇನಲ್ಲ.

ಇದರ ಒಳಗುಟ್ಟು ಸರಳವಾದುದು. ಪೆಟ್ಟಿಗೆಯೊಳಗೆ ೪೦ ಹಲ್ಲಿನ ಒಂದು ಚಕ್ರ, ಅದಕ್ಕೆ ಕಚ್ಚಿಕೊಂಡ ವರ್ಮ್ ಎಂಬ ತಿರುಪು. ಹೊರಗಿನ ಹಿಡಿಯನ್ನು ೪೦ ಸಲ ಸುತ್ತಿದರೆ ಕೆಲಸದ ತುಂಡು ಒಂದು ಸಲ ಸುತ್ತುತ್ತದೆ. ೨೦ ಹಲ್ಲು ಬೇಕಾದರೆ ಹಲ್ಲಿಗೆ ಎರಡು ಸುತ್ತು. ೪೦ ಬೇಕಾದರೆ ಒಂದು ಸುತ್ತು. ೨೯ ಬೇಕಾದರೆ? ೪೦ನ್ನು ೨೯ರಿಂದ ಭಾಗಿಸಿದರೆ ಒಂದು ಪೂರ್ಣ ಸುತ್ತು, ಮೇಲೆ ೨೯ರಲ್ಲಿ ೧೧ ಪಾಲು. ಈ ಪಾಲಿಗಾಗಿಯೇ ಹಿಡಿಯ ಹಿಂದೆ ತೂತುಗಳ ಬಳೆಗಳುಳ್ಳ ಇಂಡೆಕ್ಸ್ ಪ್ಲೇಟು ಇರುತ್ತದೆ. ೨೯ ತೂತಿನ ಬಳೆಯನ್ನು ಹಿಡಿದು, ಒಂದು ಸುತ್ತಿನ ಮೇಲೆ ೧೧ ಅಂತರ ಮುಂದಕ್ಕೆ ಹೋದರೆ ಮುಂದಿನ ಹಲ್ಲಿನ ಸ್ಥಾನ.

ಅಂತರ ಎಂದೆನು, ತೂತು ಎನ್ನಲಿಲ್ಲ. ಎಡವುವುದು ಇಲ್ಲಿಯೇ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಆಲೆಮನೆಯ ಸುಗ್ಗಿಯಲ್ಲಿ ಗಾಣದ ಚಕ್ರವೊಂದನ್ನು ಒಪ್ಪಿಕೊಂಡನು. ಗೂಟ ನಿಂತಿದ್ದ ತೂತನ್ನೂ ಸೇರಿಸಿ ಹನ್ನೊಂದು ಎಣಿಸಿದನು. ಅಂತರ ಹತ್ತೇ ಆಯಿತು. ಪ್ರತಿ ಹಲ್ಲಿಗೂ ೨೯ರಲ್ಲಿ ಒಂದು ಪಾಲು ಕೊರತೆ. ನೋಡಿದರೆ ಕಾಣದು. ಆದರೆ ಕೊರತೆಗಳೆಲ್ಲ ಕೂಡಿ ಹೆಚ್ಚುಕಡಮೆ ಹಿಡಿಯ ಒಂದು ಸುತ್ತು ಆಯಿತು, ಅದೆಲ್ಲ ಕಟ್ಟಕಡೆಯ ಹಲ್ಲಿನ ಮೇಲೆ ಬಿತ್ತು. ಅದು ಉಳಿದ ಹಲ್ಲುಗಳ ಎರಡರಷ್ಟಕ್ಕಿಂತ ದಪ್ಪವಾಗಿ ನಿಂತಿತು. ಕಬ್ಬಿಣವೂ ಹೋಯಿತು, ಎರಡು ದಿನದ ದುಡಿಮೆಯೂ ಹೋಯಿತು. ಅತ್ತ ಕಡಿದಿಟ್ಟ ಕಬ್ಬು ಒಣಗುತ್ತಿತ್ತು. ೧೧ ಅಂತರಕ್ಕೆ ೧೨ ತೂತು ಬೇಕು. ಪ್ಲೇಟಿನ ಮೇಲಿರುವ ಕತ್ತರಿಯಂಥ ಎರಡು ಕೈಗಳನ್ನು ಒಮ್ಮೆ ಸರಿಯಾಗಿ ಅಗಲಿಸಿ ಬಿಗಿದರೆ ಮತ್ತೆ ಮತ್ತೆ ಎಣಿಸುವ ಕಷ್ಟವಿಲ್ಲ.

ಇನ್ನು ಕೊಳ್ಳುವ ಮಾತು. ಹೊಸದಾದರೂ ಹಳೆಯದಾದರೂ ಮೊದಲು ಹಿಡಿಯನ್ನು ಸುತ್ತಿ ಎಣಿಸಬೇಕು. ೪೦ರ ಬದಲು ೬೦ ಸುತ್ತಿನವೂ ಉಂಟು. ಆಮೇಲೆ ಪ್ಲೇಟುಗಳು ಪೂರ್ತಿ ಇವೆಯೇ ನೋಡಬೇಕು. ಬ್ರೌನ್ ಅಂಡ್ ಷಾರ್ಪ್ ಮಾದರಿಯಲ್ಲಿ ಮೂರು ಪ್ಲೇಟುಗಳು. ೨೯ರ ಬಳೆ ಇರುವುದು ಎರಡನೆಯದರಲ್ಲಿ. ಅದೊಂದು ಕಳೆದಿದ್ದರೆ ಅಗ್ಗದ ಬೆಲೆ ಅಗ್ಗವಲ್ಲ. ಮೂರನೆಯದು, ಗೂಟವನ್ನು ತೂತಿನಲ್ಲಿ ಇಳಿಸಿ ಮುಂದಿನ ಚಕ್ಕನ್ನು ಕೈಯಿಂದ ಹಿಂದೆ ಮುಂದೆ ಅಲುಗಿಸಿ ನೋಡುವುದು; ಸುತ್ತಿನಲ್ಲಿ ನಾಲ್ಕಾರು ಕಡೆ ಹೀಗೆ ಮಾಡಬೇಕು. ಎಲ್ಲ ಕಡೆಯೂ ಸಡಿಲ ಒಂದೇ ಸಮನಾಗಿದ್ದರೆ ಸರಿಪಡಿಸಬಹುದು. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲವಾಗಿದ್ದರೆ ಒಳಚಕ್ರ ಸವೆದಿದೆಯೆಂದು ತಿಳಿದು ಬಿಟ್ಟುಬರುವುದೇ ಲೇಸು. ನಾಲ್ಕನೆಯದು, ತುಂಡಿನ ಇನ್ನೊಂದು ತುದಿಯನ್ನು ಹಿಡಿಯುವ ಟೇಲ್‌ಸ್ಟಾಕು ಅದೇ ಎತ್ತರದ್ದಾಗಿರಬೇಕು. ಹೆಡ್ಡಿನ ಅಡಿಯ ನಾಲಗೆಗಳು ತಮ್ಮ ಯಂತ್ರದ ಮೇಜಿನ ಗಾಡಿಗೆ ಕೂರುತ್ತವೆಯೋ ಎಂದು ಅಳೆದುಕೊಂಡೇ ಹೋಗಬೇಕು.

ಕೂರಿಸುವಾಗ ಅವಸರ ಕೂಡದು. ಮೇಜನ್ನೂ ಹೆಡ್ಡಿನ ತಳವನ್ನೂ ಒರಸಬೇಕು. ಒಂದು ಚೂರು ಕಬ್ಬಿಣದ ಪುಡಿ ಸಿಕ್ಕಿಕೊಂಡರೂ ಹೆಡ್ಡು ಓರೆಯಾಗುತ್ತದೆ. ಬೋಲ್ಟುಗಳನ್ನು ಬಿಗಿದ ಮೇಲೆ ಎರಡು ಮೊನೆಗಳ ನಡುವೆ ನೇರವಾದ ಸರಳನ್ನು ಹಿಡಿದು, ಮೇಜನ್ನು ಸರಿಸುತ್ತ, ಡಯಲ್ ಗೇಜಿನ ಮುಳ್ಳನ್ನು ಮೇಲುಗಡೆ ಒಮ್ಮೆ, ಪಕ್ಕದಲ್ಲಿ ಒಮ್ಮೆ ನೋಡಬೇಕು. ಮುಳ್ಳು ಕದಲದಿದ್ದರೆ ಹೆಡ್ಡು ನೇರವಾಗಿ ಕೂತಿದೆಯೆಂದರ್ಥ. ಹಿಡಿಯನ್ನು ಯಾವಾಗಲೂ ಒಂದೇ ದಿಕ್ಕಿಗೆ ತಿರುಗಿಸಬೇಕು; ತೂತು ದಾಟಿ ಹೋದರೆ ಅರ್ಧ ಸುತ್ತು ಹಿಂದೆ ಬಂದು ಮತ್ತೆ ಮುಂದಕ್ಕೆ ಬರಬೇಕು, ಇಲ್ಲವಾದರೆ ಒಳಗಿನ ಸಡಿಲವು ಲೆಕ್ಕದಲ್ಲಿ ಸೇರಿಬಿಡುತ್ತದೆ. ಕೊರೆಯುವ ಮುನ್ನ ಬೀಗ ಬಿಗಿ, ತಿರುಗಿಸುವ ಮುನ್ನ ಬೀಗ ಸಡಿಲಿಸು ಎಂಬುದನ್ನು ಮಂತ್ರದಂತೆ ಬಾಯಿಪಾಠ ಮಾಡಬೇಕು.

ಕಂದಪದ್ಯಕ್ಕೆ ಒಟ್ಟು ೬೪ ಮಾತ್ರೆ. ಅದರಲ್ಲಿ ಒಂದು ಜಾರಿದರೂ ಪಳಗಿದ ಕಿವಿ ಜಾರಿದಲ್ಲಿಯೇ ಹಿಡಿಯುತ್ತದೆ. ಕಬ್ಬಿಣಕ್ಕೆ ಆ ಸೌಜನ್ಯವಿಲ್ಲ. ತಪ್ಪನ್ನು ಕೊನೆಯ ಹಲ್ಲಿನವರೆಗೂ ಬಚ್ಚಿಟ್ಟುಕೊಂಡಿರುತ್ತದೆ. ಆದುದರಿಂದ ಆಳವಾಗಿ ಕೊರೆಯುವ ಮೊದಲು ಇಡೀ ಸುತ್ತಿಗೂ ಕೂದಲೆಳೆಯಂಥ ಗೆರೆಗಳನ್ನು ಮಾತ್ರ ಹಾಕಿ ಎಣಿಸಬೇಕು. ೨೯ನೆಯ ಗೆರೆಯಾದ ಮೇಲೆ ಇನ್ನೊಮ್ಮೆ ತಿರುಗಿಸಿದಾಗ ಕೊರೆಯುವ ಚಕ್ರವು ಮೊದಲನೆಯ ಗೆರೆಯ ಮೇಲೆಯೇ ಬಂದು ನಿಂತರೆ ಧೈರ್ಯವಾಗಿ ಮುಂದುವರಿಯಬಹುದು. ಹೊಸ ವರ್ಕ್‌ಷಾಪಿನ ಹುಡುಗನಿಗೆ ಈ ಕಾಲು ಗಂಟೆಯ ತಾಳ್ಮೆಯನ್ನು ಮನೆಯವರು ಕಲಿಸಿದರೆ, ಸಾಲದ ಕಂತು ತಾನಾಗಿಯೇ ತೀರುವ ದಾರಿ ಹಿಡಿಯುತ್ತದೆ.